ಸದ್ದಿಲ್ಲದ ತಿಂಗಳ ಅಳತೆ

ತಪ್ಪು ನನ್ನದು. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಸ್ವಲ್ಪ ಸಲೀಸು. ಇಪ್ಪತ್ತೇಳು ವರ್ಷ ಒಂದೇ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿ ದುಡಿದು, ನಿವೃತ್ತಿಗೆ ಎರಡು ವರ್ಷ ಉಳಿದಿರುವಾಗ, ಒಂದು ಹಾಳೆಯ ಒಂದು ಕಾಲಮಿನಲ್ಲಿ ಒಂದೇ ಒಂದು ಪದ ಬರೆದು ನಾನು ಪ್ರೊಫೆಸರ್ ಕ್ಲೊಟಿಲ್ಡಾ ಝಿಯೆಮ್ ಅವರ ಮಾನವನ್ನು ಬೀದಿಯಲ್ಲಿಟ್ಟೆ. ಆ ಪದ ‘ಎಂದಿನಂತೆ’.

ಗೊತ್ತಾದದ್ದು ಮಂಗಳವಾರ ಸಂಜೆ, ಅತಾ ಅಯಿಕುವಿನ ಅಂಗಳದಲ್ಲಿ, ಕೈಯಲ್ಲಿ ಕೆಂಕಿಯ, ಅಂದರೆ ಹುಳಿ ಬರಿಸಿದ ಜೋಳದ ಮುದ್ದೆಯ, ತುತ್ತು ಇರುವಾಗ. ಅತಾ ನನ್ನ ಅಪ್ಪನ ತಮ್ಮ. ವಯಸ್ಸು ಎಪ್ಪತ್ತೊಂದಾದರೂ ಸದ್ದು ನಿಷೇಧದ ತಿಂಗಳು ಬಂತೆಂದರೆ ಅವನಿಗೆ ಹರೆಯ. ನಾವು ಗಾ ಜನ, ಅಕ್ರಾದ ಮೂಲ ನಿವಾಸಿಗಳು. ಮೇ ತಿಂಗಳಲ್ಲಿ ನಮ್ಮ ಪೂಜಾರಿಗಳು ಹಬ್ಬದ ಸಜ್ಜೆ ಬಿತ್ತುತ್ತಾರೆ. ಅದು ನೆಮ್ಮದಿಯಾಗಿ ಮೊಳೆತು ಏಳಲಿ ಎಂದು ಮೂವತ್ತು ದಿನ ಅಕ್ರಾದಲ್ಲಿ ಯಾರೂ ಡೋಲು ಬಾರಿಸುವಂತಿಲ್ಲ, ಸ್ಪೀಕರ್ ಹಚ್ಚುವಂತಿಲ್ಲ. ಮಾತು ಮೀರಿದವರ ಡೋಲು ಎತ್ತಿಕೊಂಡು ಬರುವ ತಂಡಕ್ಕೆ ನಮ್ಮ ಕೇರಿಯಲ್ಲಿ ಅತಾನೇ ಯಜಮಾನ.

"ಕಣ್ಣಾಸ್ಪತ್ರೆ ಪಕ್ಕ ಆ ದೊಡ್ಡ ಚರ್ಚಿದೆಯಲ್ಲೋ," ಎಂದ ಅತಾ, ಮೀನಿನ ಮುಳ್ಳು ಬಿಡಿಸುತ್ತಾ. "ಈ ಸಲ ಮೊದಲ್ನೇ ದಿನಾನೇ ಹೋಗಿ ಪಾದ್ರಿ ಎದುರು ಕೂತು ಮಾತಾಡ್ದೆ. ಒಳ್ಳೇ ಮನ್ಷ. ಡೋಲು, ಆ ಬೀರು ಗಾತ್ರದ ಸ್ಪೀಕರ್ರು, ಎಲ್ಲಾನೂ ಕೋಣೇಲಿಟ್ಟು ಬೀಗ ಜಡ್ದು ಕೀಲಿ ನನ್ ಕೈಗೇ ಕೊಟ್ಟ. ನೋಡು." ಸೊಂಟದಿಂದ ಕೀಲಿ ತೆಗೆದು ಎತ್ತಿ ತೋರಿಸಿದ. "ಆಸ್ಪತ್ರೆ ನರ್ಸಮ್ಮ ಬಂದು ಹೇಳ್ತಾಳೆ, ಅತಾ, ನಿಮ್ ದಯೆಯಿಂದ ಈಗ ಲೋಟದಲ್ಲಿನ ನೀರೂ ಅಲ್ಲಾಡ್ತಿಲ್ಲ ಅಂತ. ನಿಮ್ ಪ್ರೊಫೆಸರಮ್ಮ ಅದೇನೋ ಟೈರು ಹೂತವ್ರಂತಲ್ಲ? ಟೈರು ಗೀರು ಯಾಕೆ ಬೇಕಿತ್ತು, ನನ್ನ ಕರೆದಿದ್ರೆ ಆಗ್ತಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಅರ್ಧಕ್ಕೆ ಬರುವಷ್ಟರಲ್ಲಿ ಆ ಕೀಲಿಯ ಮೇಲೆ ಕಣ್ಣು ನಿಂತಿತು.

"ಅತಾ, ಬೀಗ ಹಾಕಿದ್ದು ಯಾವತ್ತು?"

"ಮೇ ಎರಡನೇ ಸೋಮವಾರ. ಊರಿಗೆಲ್ಲ ಸಾರಿದ್ದು ಅವತ್ತೇ ಅಲ್ವೇನೋ? ನೀನೇನು ಪರದೇಶದಲ್ಲಿ ಹುಟ್ಟಿದ್ಯಾ?"

ನಾನು ಅಳತೆ ತೆಗೆದದ್ದು ಅದೇ ವಾರದ ಬುಧವಾರ, ಗುರುವಾರ, ಶುಕ್ರವಾರ. ತುತ್ತು ತಟ್ಟೆಗೆ ವಾಪಸು ಹಾಕಿ ಕೈ ತೊಳೆದೆ.

ಏನನ್ನು ಅಳೆದೆ ಎಂಬುದನ್ನು ಹೇಳಬೇಕು. ಆ ಚರ್ಚಿನಲ್ಲಿ ವಾರಕ್ಕೆ ಐದು ದಿನ ಬೆಳಗಿನ ಪ್ರಾರ್ಥನೆ. ಡೋಲಿನ ಮತ್ತು ಸ್ಪೀಕರಿನ ದಪ್ಪ ಸದ್ದು ನೆಲಕ್ಕಿಳಿದು, ನಲವತ್ತು ಹೆಜ್ಜೆ ದಾಟಿ, ಕಣ್ಣಾಸ್ಪತ್ರೆಯ ಗೋಡೆ ಹತ್ತುತ್ತದೆ. ಅಲ್ಲಿ ಹೊಸದಾಗಿ ಕಟ್ಟಿದ ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ್ ಕ್ಪೊದೊ ಒಂದು ದಿನ ಅಭ್ಯಾಸಕ್ಕೆಂದು ಮೇಕೆಯ ಕಣ್ಣೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕಣ್ಣು ಗಡಗಡ ನಡುಗುತ್ತಿತ್ತು. ಚಾಕು ಕೆಳಗಿಟ್ಟವರೇ ನೇರ ನಮ್ಮ ಲ್ಯಾಬಿಗೆ ಬಂದರು. ಮೇಡಂ, ಅಂದರೆ ಪ್ರೊಫೆಸರ್ ಝಿಯೆಮ್, ಫೆಬ್ರವರಿಯಲ್ಲಿ ಥಿಯೇಟರಿನ ನೆಲದ ಕಂಪನ ಅಳೆದರು. ಆಮೇಲೆ ಎರಡು ಕಟ್ಟಡಗಳ ನಡುವೆ ಹಳೆಯ ಲಾರಿ ಟೈರುಗಳನ್ನು ಆರು ಸಾಲಾಗಿ ಹೂಳಿಸಿದರು. ಒಂದೊಂದು ಟೈರಿನ ಹೊಟ್ಟೆಯಲ್ಲೂ ರಬ್ಬರ್ ಪಟ್ಟಿಗಳಿಗೆ ತೂಗುಹಾಕಿದ ಒಂದು ಕಬ್ಬಿಣದ ಗುಂಡು. ಡೋಲಿನ ಕಂಪನ ಬಂದಾಗ ಗುಂಡು ತಾನು ಕುಣಿದು ಅದನ್ನು ನುಂಗಬೇಕು, ಆಚೆಯ ನೆಲ ಸುಮ್ಮನಿರಬೇಕು. ಇದಕ್ಕೆ ಪುಸ್ತಕದ ಹೆಸರು ಮೆಟಾಮೆಟೀರಿಯಲ್. ಟೈರಿಗೂ ಇಲ್ಲದ, ಕಬ್ಬಿಣಕ್ಕೂ ಇಲ್ಲದ ಗುಣ ಅವುಗಳನ್ನು ಸಾಲಾಗಿ ಜೋಡಿಸಿದಾಗ ಬರುತ್ತದೆ ಎಂಬುದೇ ಅದರ ಸಾರ.

ಮೇಡಂ ಇದರ ಮೊದಲ ಪಾಠ ಕಲಿತದ್ದು ಪುಸ್ತಕದಿಂದಲ್ಲ. ಅವರು ಉತ್ತರದ ನಾನ್‌ಡಮ್ ಕಡೆಯವರು. ಅಪ್ಪ ಗಿಲ್ ಮಾಡುತ್ತಿದ್ದವರು. ಗಿಲ್ ಎಂದರೆ ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ, ಪ್ರತಿ ಪಟ್ಟಿಯ ಕೆಳಗೂ ಒಂದು ಸೋರೆ ಬುರುಡೆ ತೂಗುತ್ತದೆ. ಹೆಣ್ಣುಮಕ್ಕಳು ಅದನ್ನು ಬಾರಿಸುವಂತಿಲ್ಲವಂತೆ. ಹಾಗಾಗಿ ಬುರುಡೆಯ ತೂತುಗಳಿಗೆ ಜೇಡನ ಗೂಡಿನ ಪೊರೆ ಅಂಟಿಸುವ ಕೆಲಸ ಇವರಿಗೆ. ಯಾವ ಬುರುಡೆ ಯಾವ ಪಟ್ಟಿಗೆ ಮಾರ್ದನಿ ಕೊಡುತ್ತದೆ ಎಂದು ಒಂಬತ್ತನೇ ವಯಸ್ಸಿಗೇ ಕಿವಿಯಲ್ಲೇ ಹೇಳುತ್ತಿದ್ದರಂತೆ. ಆ ಗಿಲ್‌ನ ಒಂದು ಪಟ್ಟಿ, ಒಂದು ಬುರುಡೆ ಇವತ್ತಿಗೂ ಅವರ ಮೇಜಿನ ಮೇಲಿದೆ.

ಅಲ್ಲಿಂದ ಇಲ್ಲಿಗೆ ಬರಲು ಅವರು ಪಟ್ಟ ಪಾಡು ನನಗೆ ಗೊತ್ತು, ನಾನು ಪಕ್ಕದಲ್ಲೇ ಇದ್ದೆ. ಮೊದಲ ಆರು ವರ್ಷ ಹಿಟ್ಟಿನ ಗಿರಣಿಗಳ ಹಿಂದೆ ಅಲೆದೆವು, ಗಿರಣಿ ಕುಣಿದು ಗೋಡೆ ಬಿರುಕು ಬಿಡದಂತೆ ಅಡಿಪಾಯ ಹೇಗಿಡಬೇಕೆಂದು. ಆಮೇಲೆ ಕಾಲುಸೇತುವೆಗಳು. ಆಮೇಲೆ ಕೊಳವೆಗಳಲ್ಲಿ ಅಲೆ ಹೇಗೆ ಓಡುತ್ತದೆ ಎಂಬುದು. ಹನ್ನೊಂದು ವರ್ಷದ ಹಿಂದೆ ಕುಮಾಸಿಯ ಸಭೆಯೊಂದರಲ್ಲಿ ಅವರು ಮೊದಲ ಸಲ ಈ ಗುಂಡುಗಳ ಫಲಿತಾಂಶ ತೋರಿಸಿದಾಗ ಪ್ರೊಫೆಸರ್ ಬೊಅಹೆನ್ ಎಂಬಾತ ಎದ್ದು ನಿಂತು, "ಮೇಡಂ, ನೀವು ಹಿಡಿದಿರೋದು ಅಲೆಯಲ್ಲ, ಕರೆಂಟಿನ ಗುಂಯ್ ಅನ್ನೋ ಸದ್ದು. ನಮ್ಮನೆ ಫ್ರಿಜ್ಜೂ ಹಂಗೇ ಮಾಡತ್ತೆ," ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ಮೇಡಂ ಅವರ ಬಡ್ತಿಯನ್ನು ಹನ್ನೊಂದು ವರ್ಷ ಹಿಂದಕ್ಕೆ ಎಳೆಯಿತು. ಅಂದಿನಿಂದ ಅವರು ಪ್ರತಿ ಅಳತೆಯನ್ನೂ ಮೂರು ಮೂರು ಸಲ ತೆಗೆಸುತ್ತಾರೆ.

ಈ ವರ್ಷ ಪೂರ್ಣ ಪ್ರೊಫೆಸರ್ ಪದವಿ ಬಂತು. ನಮ್ಮಲ್ಲಿ ಪದವಿ ಬಂದವರು ಕೆಂಪು ಗೌನು ತೊಟ್ಟು ಊರವರೆದುರು ಒಂದು ಉಪನ್ಯಾಸ ಕೊಡಬೇಕು. ಅದು ಆ ಮಂಗಳವಾರ ಕಳೆದು ಎರಡನೇ ದಿನ, ಗುರುವಾರ ನಾಲ್ಕು ಗಂಟೆಗೆ. ಟೈರುಗಳಿಂದ ಥಿಯೇಟರಿನ ಕಂಪನ ನೂರಕ್ಕೆ ಎಂಬತ್ತೆಂಟು ಪಾಲು ಇಳಿದಿದೆ ಎಂದು ತೋರಿಸಿ, ಅದೇ ವೇದಿಕೆಯಲ್ಲಿ ಥಿಯೇಟರ್ ತೆರೆಯಬಹುದೆಂಬ ಪತ್ರಕ್ಕೆ ಸಹಿ ಹಾಕಿ ಡಾಕ್ಟರ್ ಕ್ಪೊದೊ ಕೈಗೆ ಕೊಡುವುದೆಂದು ಏರ್ಪಾಡು. ಮುಂದಿನ ಸೋಮವಾರ ಮೊದಲ ಶಸ್ತ್ರಚಿಕಿತ್ಸೆ.

ಆ ಎಂಬತ್ತೆಂಟು ಬಂದದ್ದು ಫೆಬ್ರವರಿಯ ಅಳತೆಯ ಪಕ್ಕ ನನ್ನ ಮೂರು ದಿನದ ಅಳತೆಯನ್ನಿಟ್ಟು. ಎರಡು ಸೆನ್ಸರ್ ಇದ್ದಿದ್ದರೆ ಒಂದನ್ನು ಚರ್ಚಿನ ಬದಿಗೂ ಒಂದನ್ನು ಥಿಯೇಟರಿನಲ್ಲೂ ಇಡುತ್ತಿದ್ದೆವು, ಮೋಸ ಅಲ್ಲೇ ಸಿಕ್ಕಿಬೀಳುತ್ತಿತ್ತು. ಒಂದು ಕೆಟ್ಟಿತ್ತು, ಹೊಸದು ತೇಮಾ ಬಂದರಿನ ಕಸ್ಟಮ್ಸ್‌ನಲ್ಲಿ ನಾಲ್ಕು ತಿಂಗಳಿಂದ ಕೊಳೆಯುತ್ತಿತ್ತು. ಇದ್ದೊಂದನ್ನು ಥಿಯೇಟರಿನಲ್ಲಿಟ್ಟು, ಯಂತ್ರ ಚಾಲೂ ಮಾಡಿ, ನಾನು ಅಲಸಂದೆ ಅನ್ನದ ವಾಕಿಯೆ ತಿನ್ನಲು ಹೋದೆ. ಹಾಳೆಯಲ್ಲಿ ‘ಸುತ್ತಲಿನ ಸ್ಥಿತಿ’ ಎಂಬ ಕಾಲಮಿದೆ. ಮೂರು ದಿನವೂ ‘ಎಂದಿನಂತೆ’ ಎಂದು ಬರೆದೆ.

ಅತಾನ ಮಾತು ಕೇಳಿದ ಮರುದಿನ, ಬುಧವಾರ ಬೆಳಿಗ್ಗೆ, ಟ್ರೊಟ್ರೊ ವ್ಯಾನು ಇಳಿದು ಲ್ಯಾಬಿನ ಬಾಗಿಲವರೆಗೆ ಎರಡು ಸಲ ಹೋಗಿ ಎರಡು ಸಲ ವಾಪಸು ಬಂದೆ. ಮೂರನೇ ಸಲ ಮೇಡಂ ಅವರೇ ನೋಡಿಬಿಟ್ಟರು. ಗೌನು ತೊಟ್ಟು ಬೀರುವಿನ ಗಾಜಿನೆದುರು ನಿಂತಿದ್ದರು.

"ಬಾ ಓಕ್ಪೊಟಿ. ಇದರಲ್ಲಿ ನಾನು ಪ್ರೊಫೆಸರ್ ಥರ ಕಾಣ್ತೀನೋ, ಬಿಷಪ್ ಥರಾನೋ?"

"ಬಿಷಪ್ ಆದ್ರೆ ಒಳ್ಳೇದು ಮೇಡಂ. ಪಾಪ ಕ್ಷಮಿಸೋ ಅಧಿಕಾರ ಇರತ್ತೆ."

"ಯಾರ ಪಾಪ?"

"ನಂದು."

ಹೇಳಿದೆ. ಬೀಗ, ಕೀಲಿ, ಸೋಮವಾರ, ಲೋಟದ ನೀರು, ಎಲ್ಲ. ಅವರು ಕೂಗಾಡಲಿಲ್ಲ. ಕುರ್ಚಿ ಎಳೆದು ಕೂತರು.

"ಮೂರು ದಿನದಲ್ಲಿ ಒಂದ್ಸಲ ಆದ್ರೂ ಚರ್ಚಿನೊಳಗೆ ಹೋಗಿ ನೋಡಿದ್ಯಾ?"

"ಇಲ್ಲ."

"ಓಕ್ಪೊಟಿಯವರೇ," ಎಂದರು. ಇಪ್ಪತ್ತೇಳು ವರ್ಷದಲ್ಲಿ ಅವರು ನನಗೆ ‘ಅವರೇ’ ಹಚ್ಚಿದ್ದು ನಾಲ್ಕು ಸಲವೂ ಇರಲಿಕ್ಕಿಲ್ಲ. "ಪಕ್ಕದಲ್ಲಿ ಅಷ್ಟು ದೊಡ್ಡ ಚರ್ಚು ಸತ್ತಂಗೆ ಬಿದ್ದಿತ್ತು. ನಿಮಗೆ ಗೊತ್ತಾಗಲೇ ಇಲ್ವಾ?"

"ಈ ತಿಂಗಳು ಸದ್ದಿರಲ್ಲ ಮೇಡಂ. ಹುಟ್ಟಿದಾಗಿಂದ ಹಂಗೇ. ಸದ್ದಿದ್ದಿದ್ರೆ ಗೊತ್ತಾಗ್ತಿತ್ತು, ಏನಪ್ಪಾ ಇದು ಅಂತ ಬರೀತಿದ್ದೆ. ಸದ್ದಿಲ್ದೇ ಇರೋದು ನಂಗೆ..."

"ಎಂದಿನಂತೆ," ಎಂದರು ಅವರೇ.

ಗೌನಿನ ಗುಂಡಿ ಬಿಚ್ಚಲು ಹೋದರು. ಮೊದಲನೇದನ್ನು ಬಿಚ್ಚಿ ಅಲ್ಲಿಗೇ ಬಿಟ್ಟುಬಿಟ್ಟರು. ಮೇಜಿನ ಮೇಲಿನ ಬುರುಡೆಯನ್ನು ಕೈಗೆತ್ತಿಕೊಂಡು ತಿರುಗಿಸುತ್ತಾ ಕೂತರು. ಹೊರಗೆ ಹುಡುಗರು ಕುರ್ಚಿ ಹೊತ್ತು ಸಭಾಂಗಣಕ್ಕೆ ಸಾಗಿಸುತ್ತಿದ್ದರು.

"ಬೊಅಹೆನ್ ಬರ್ತಿದಾನೆ. ನಾನೇ ಕರೆದಿದೀನಿ," ಎಂದರು. "ಹನ್ನೊಂದು ವರ್ಷ ಆದ್ಮೇಲೆ ನೋಡಲಿ ಅಂತ."

ಆಗ ನಾನೊಂದು ಮಾತು ಆಡಿದೆ. ಆಡಬಾರದಿತ್ತು. "ನಾಳೆ ಒಂದಿನ ಸುಮ್ನಿದ್ಬಿಡೋಣ ಮೇಡಂ. ನಿಷೇಧ ಮುಂದಿನ ಗುರುವಾರ ಮುಗಿಯತ್ತೆ. ಆಮೇಲೆ ಸರಿಯಾಗಿ ಅಳೆದು ತಿದ್ದಿದ್ರಾಯ್ತು. ಟೈರು ಕೆಲ್ಸ ಮಾಡ್ತಿರಬಹುದಲ್ಲ?"

"ಮಾಡ್ತಿರಬಹುದು. ನನ್ನ ಲೆಕ್ಕದ ಪ್ರಕಾರ ಎಪ್ಪತ್ತಾದ್ರೂ ಬರಬೇಕು. ಕ್ಪೊದೊಗೆ ಅರವತ್ತು ಸಾಕು." ಒಂದು ಕ್ಷಣ ಅವರ ಮುಖದಲ್ಲಿ ಆಸೆ ಸುಳಿದದ್ದನ್ನು ನಾನು ಕಂಡೆ. "ಗುರುವಾರ ಎಷ್ಟು ಗಂಟೆಗೆ ಮುಗಿಯತ್ತೆ?"

"ಪೂಜಾರಿಗಳು ಮೊದಲ ಡೋಲು ಬಾರಿಸಿದ ಕೂಡ್ಲೆ. ಬೆಳಿಗ್ಗೆ ಹತ್ತೋ ಹನ್ನೊಂದೋ. ಆಮೇಲೆ ಊರಿಗೆ ಊರೇ ಬಾರಿಸತ್ತೆ."

"ಹತ್ತು ಗಂಟೆಗೆ ಕ್ಪೊದೊ ಕೈಲಿ ಚಾಕು ಇರತ್ತೆ," ಎಂದರು ಮೇಡಂ. "ಮೇಕೆ ಕಣ್ಣಿನ ಮೇಲಲ್ಲ." ಬುರುಡೆ ಕೆಳಗಿಟ್ಟರು. "ಇವತ್ತೇ ಅಳೀಬೇಕು. ನಂಗೆ ಡೋಲು ಬೇಕು. ಹತ್ತೇ ನಿಮಿಷ. ಕೀಲಿ ನಿನ್ನ ಚಿಕ್ಕಪ್ಪನ ಸೊಂಟದಲ್ಲಿದೆಯಲ್ಲ, ಹೋಗಿ ಕೇಳು."

ಅತ್ತ ದರಿ, ಇತ್ತ ಪುಲಿ. ಹೋದೆ. ಅತಾ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಕೇಳಿದ್ದಕ್ಕೆ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

"ಓಕ್ಪೊಟಿ, ನೀನು ಕುಡಿದಿದ್ಯಾ?"

"ಇಲ್ಲ ಅತಾ. ಒಬ್ರ ಮಾನದ ಪ್ರಶ್ನೆ. ಕಣ್ಣಿನ ಪ್ರಶ್ನೆ."

"ಮಣ್ಣೊಳಗೆ ಸಜ್ಜೆ ಇದೆ ಕಣೋ. ನಿನ್ನಜ್ಜ ಸತ್ತಿದ್ದು ಇದೇ ತಿಂಗಳು. ಅವನಿಗೇ ನಾವು ಡೋಲು ಬಾರಿಸ್ದೆ, ಹೆಣ ಸುಮ್ನೆ ಇಟ್ಕೊಂಡು ನಿಷೇಧ ಮುಗಿಯೋವರೆಗೂ ಕಾದ್ವಿ. ನಿನ್ ಪ್ರೊಫೆಸರಮ್ಮ ನಿನ್ನಜ್ಜನಿಗಿಂತ ದೊಡ್ಡೋಳಾ?"

ನಿಜ ಹೇಳಬೇಕೆಂದರೆ ಅವನು ಕೀಲಿ ಕೊಟ್ಟಿದ್ದರೆ ಅದನ್ನು ಹಿಡಿದುಕೊಳ್ಳಲು ನನಗೇ ಧೈರ್ಯ ಸಾಲುತ್ತಿರಲಿಲ್ಲ. ಡೋಲಿನ ಬದಲು ನೆಲಕ್ಕೆ ಬಡಿಯೋಣವೆಂದರೆ ಲ್ಯಾಬಿನ ಸುತ್ತಿಗೆ ಅಂಗೈಯಗಲದ್ದು, ನಲವತ್ತು ಹೆಜ್ಜೆ ದೂರಕ್ಕೆ ಅದರ ಏಟು ಮುಟ್ಟುವುದಿಲ್ಲ. ದೊಡ್ಡ ಸಮ್ಮಟಿ ತಂದು ಕಬ್ಬಿಣದ ಹಲಗೆಗೆ ಬಡಿದರೆ ಅತಾನ ತಂಡ ಸಮ್ಮಟಿಯ ಜೊತೆ ನನ್ನನ್ನೂ ಹೊತ್ತೊಯ್ಯುತ್ತದೆ. ತಲೆ ತಗ್ಗಿಸಿ ಕೂತೆ. ಕೂತಿದ್ದ ಜಗಲಿ ಮೆಲ್ಲಗೆ ಅದುರುತ್ತಿತ್ತು. ಪಕ್ಕದ ಮನೆಯ ಹಿತ್ತಲಿಂದ ಧುಪ್, ಧುಪ್, ಧುಪ್.

"ಅತಾ, ಅದೇನದು?"

"ಏನು ಅಂದ್ರೆ? ಮಧ್ಯಾಹ್ನದ ಫುಫು ಕುಟ್ತಾವ್ರೆ."

"ಅದಕ್ಕೆ ನಿಷೇಧ ಇಲ್ವಾ?"

"ಹೊಟ್ಟೆ ಸದ್ದಿಗೆ ಯಾವ ದೇವ್ರು ಬೇಡ ಅಂತಾನೋ?" ಎಂದ ಅತಾ.

ನಾನು ಎದ್ದು ಲ್ಯಾಬಿಗೆ ಓಡಿದೆ. ಐವತ್ತೆಂಟರ ಮೊಣಕಾಲಿಗೆ ಎಷ್ಟು ಓಡಲಾಗುತ್ತದೋ ಅಷ್ಟು.

ಚರ್ಚಿನ ಹಿಂಗೋಡೆಗೆ ಒತ್ತಿಕೊಂಡೇ ಮಾಮೆ ಪೊಕುವಾಳ ಖಾನಾವಳಿ. ಅಲ್ಲಿ ಬೇಯಿಸಿದ ಮರಗೆಣಸನ್ನು ಕುಟ್ಟಿ ಫುಫು ಮುದ್ದೆ ಮಾಡಲು ನಾಲ್ಕು ಒರಳು, ಎಂಟು ಒನಕೆ, ತೋಳು ತುಂಬಿದ ಆಳುಗಳು. ಒನಕೆಯ ಏಟಿನಲ್ಲಿ ಸಣ್ಣದು ದೊಡ್ಡದು ಎಲ್ಲ ಬಗೆಯ ಕಂಪನವೂ ಇರುತ್ತದೆ. ಡೋಲಿಗೆ ಸೇರಿದ ಪಾಲನ್ನು ಸೋಸಿಕೊಳ್ಳುವುದು ನಮ್ಮ ಯಂತ್ರದ ಕೆಲಸ. ಸೆನ್ಸರ್ ಥಿಯೇಟರಿನ ನೆಲದಲ್ಲೇ ಇರಲಿ. ಒರಳುಗಳು ಮೊದಲು ಟೈರುಗಳ ಆಚೆ ಇರಲಿ, ಆಮೇಲೆ ಅಷ್ಟೇ ದೂರದಲ್ಲಿ ಟೈರಿಲ್ಲದ ಗೇಟಿನ ಬದಿಗೆ ಬರಲಿ. ಎರಡಕ್ಕೂ ಇರುವ ವ್ಯತ್ಯಾಸವೇ ಟೈರಿನ ಯೋಗ್ಯತೆ. ಮೇಡಂ ಇದನ್ನು ಕೇಳಿ ಒಂದು ಹಾಳೆಯಲ್ಲಿ ದೂರದ ಲೆಕ್ಕ ಹಾಕಿದರು. ಆಮೇಲೆ ಗೌನು ತೆಗೆದಿಟ್ಟು ಚಪ್ಪಲಿ ಬದಲಾಯಿಸಿದರು.

ಪೊಕುವಾ ಸೊಂಟಕ್ಕೆ ಕೈಯಿಟ್ಟು ನಿಂತಳು. "ಕುಟ್ಟೋದೇನೋ ಕುಟ್ಟೋಣ ಪ್ರೊಫೆಸರಮ್ಮ. ಆಮೇಲೆ ತಿನ್ನೋರ್ಯಾರು? ಕುಟ್ಟಿ ಬಿಸಾಕೋಕೆ ನನ್ ಮರಗೆಣಸೇನು ದಾರೀಲಿ ಬಿದ್ದಿತ್ತಾ?"

"ನಾವೇ ತಿಂತೀವಿ. ಆಸ್ಪತ್ರೆಯವರಿಗೂ ಕೊಡ್ತೀವಿ. ಎಲ್ಲ ನನ್ನ ಲೆಕ್ಕಕ್ಕೆ," ಎಂದರು ಮೇಡಂ.

"ಈ ಗಾ ಮನ್ಷ ತಿಂತಾನಾ? ಇವ್ರಿಗೆಲ್ಲ ಕೆಂಕಿ ಅಗ್ದು ರೂಢಿ." ನನ್ನತ್ತ ಮೂತಿ ತಿರುಗಿಸಿದಳು. "ಹೋದ ಸಲ ಬಂದಾಗ ನೋಡ್ದೆ, ಫುಫೂನ ಅಗೀತಾ ಕೂತಿದ್ದ! ಫುಫು ಅಗಿಯೋರಿಗೆ ನನ್ನಂಗಡೀಲಿ ಜಾಗ ಇಲ್ಲ. ನುಂಗ್ಬೇಕು."

"ಇವತ್ತು ನುಂಗ್ತಾನೆ," ಎಂದರು ಮೇಡಂ. ಅವರ ಮುಖದಲ್ಲಿ ನಗುವಿರಲಿಲ್ಲ.

ಮೂರು ಗಂಟೆಗೆ ಶುರುವಾಯಿತು. ನಾನು ಥಿಯೇಟರಿನೊಳಗೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಮೇಡಂ ಹೊರಗೆ ಒರಳುಗಳ ನಡುವೆ ನಿಂತು ಕೈ ಎತ್ತಿ ಇಳಿಸಿ ತಾಳ ಕೊಡುತ್ತಿದ್ದರು. ನಾಲ್ಕೂ ಒರಳು ಒಟ್ಟಿಗೇ ಬೀಳಬೇಕು, ಎರಡೂ ಕಡೆ ಏಟಿನ ಬಿರುಸು ಒಂದೇ ಇರಬೇಕು. ಒನಕೆ ಮೇಲೆದ್ದಾಗ ಪೊಕುವಾ ಒರಳಿಗೆ ಕೈಹಾಕಿ ಮುದ್ದೆ ತಿರುವಿ ಕೈ ಹಿಂದೆಳೆದುಕೊಳ್ಳುತ್ತಿದ್ದಳು. ಕಿಟಕಿಯಿಂದ ಅದನ್ನು ನೋಡುವಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಪರದೆಯ ಮೇಲೆ ಗೆರೆ ಏಳುತ್ತಿತ್ತು, ಬೀಳುತ್ತಿತ್ತು. ಆಮೇಲೆ ಒರಳುಗಳನ್ನು ಉರುಳಿಸಿಕೊಂಡು ಗೇಟಿನ ಬದಿಗೆ ತಂದರು. ಮತ್ತೆ ಧುಪ್, ಧುಪ್. ಎಪ್ಪತ್ತು ಬರಲಿ ಎಂದು ನಾನು ನಮ್ಮ ಸಮುದ್ರದ ದೇವರನ್ನೂ ಮೇಡಂ ಅವರ ಕ್ಯಾಥೊಲಿಕ್ ದೇವರನ್ನೂ ಒಟ್ಟಿಗೇ ಬೇಡಿಕೊಂಡೆ. ಬೇಡ, ಅರವತ್ತಾದರೂ ಬರಲಿ.

ಮೇಡಂ ಬಾಗಿಲಲ್ಲಿ ನಿಂತರು. "ಎಷ್ಟು?"

"ಮೂವತ್ತನಾಲ್ಕು."

"ಇನ್ನೊಂದ್ಸಲ."

ಎರಡನೇ ಸಲ ಮೂವತ್ತಾರು. ಮೂರನೇ ಸಲ ಮತ್ತೆ ಮೂವತ್ತನಾಲ್ಕು. ಅವರು ನಾಲ್ಕನೇ ಸಲಕ್ಕೆ ಕೈ ಎತ್ತಿದಾಗ ಪೊಕುವಾ ಒರಳಿನ ಬಾಯಿಗೆ ಅಡ್ಡ ಕೂತಳು.

"ಸಾಕು ತಾಯಿ. ಇನ್ನು ಕುಟ್ಟಿದ್ರೆ ಇದು ಫುಫು ಅಲ್ಲ, ಗೋಂದು. ಪೋಸ್ಟಾಫೀಸಿಗೆ ಕೊಡ್ಬೇಕಾಗತ್ತೆ."

ಆಳುಗಳು ನಕ್ಕರು. ಮೇಡಂ ಕೈ ತೊಳೆದು ಬೆಂಚಿನ ಮೇಲೆ ಕೂತು ಸಾರಿನಲ್ಲಿ ಅದ್ದಿ ತಿಂದರು. ನಾನೂ ಕೂತೆ. ನನಗೆ ಅಗಿಯುವುದಕ್ಕೂ ಆಗಲಿಲ್ಲ, ನುಂಗುವುದಕ್ಕೂ ಆಗಲಿಲ್ಲ.

"ರಬ್ಬರ್ ಪಟ್ಟಿ ಬಿಗಿ ಜಾಸ್ತಿ ಆಗಿದೆ," ಎಂದರು ಮೇಡಂ, ತಮಗೇ ಹೇಳಿಕೊಳ್ಳುವಂತೆ. "ಮಣ್ಣು ಕೂತಮೇಲೆ ಗುಂಡು ತೂಗ್ತಾ ಇಲ್ಲ. ಸಾಲೂ ಸಾಲದು. ಸರಿಮಾಡಬಹುದು. ಒಂದು ವರ್ಷ ಬೇಕು."

"ನಾಳೆ ಏನ್ಮಾಡ್ತೀರಿ ಮೇಡಂ?"

"ಎರಡೂ ಗ್ರಾಫ್ ತಗೊಂಡು ಬಾ. ಯಾವುದು ಹಾಕಬೇಕು ಅಂತ ಅಲ್ಲೇ ಹೇಳ್ತೀನಿ."

ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು. ಎಂಬತ್ತೆಂಟು ತೋರಿಸಿದರೆ ಮುಂದಿನ ಗುರುವಾರ ಹತ್ತು ಗಂಟೆ ಬರುತ್ತದೆ, ಡೋಲು ಏಳುವಾಗ ಚಾಕು ಕಣ್ಣಿನ ಮೇಲಿರುತ್ತದೆ. ಮೂವತ್ತನಾಲ್ಕು ತೋರಿಸಿದರೆ ಬೊಅಹೆನ್ ಇದ್ದಾನೆ, ನಗು ಇದೆ, ತಪ್ಪು ಯಾರದು ಎಂಬ ಪ್ರಶ್ನೆ ಇದೆ. ಅಳತೆಯ ಹಾಳೆ ಸುಳ್ಳಾದರೆ ಟೆಕ್ನೀಷಿಯನ್ ಮೇಲೆ ವಿಚಾರಣೆ ಎಂಬುದು ನಮ್ಮಲ್ಲಿ ನಿಯಮ. ಎರಡು ವರ್ಷದ ಆಚೆಗಿನ ಪಿಂಚಣಿ ಕಣ್ಣೆದುರು ಬಂತು. ನನ್ನ ಹೆಸರು ಮಾತ್ರ ಬಾರದಿರಲಿ ಎಂದು ಮನಸ್ಸಿನೊಳಗೆ ಬೇಡಿಕೊಂಡೆ. ನಾನು ಅಷ್ಟು ಹೇಡಿ.

ಗುರುವಾರ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಸಾಲಿನಲ್ಲಿ ಉಪಕುಲಪತಿಗಳು, ಅವರ ಪಕ್ಕ ಪತ್ರದ ಫೈಲು ತೊಡೆಯ ಮೇಲಿಟ್ಟುಕೊಂಡ ಡಾಕ್ಟರ್ ಕ್ಪೊದೊ, ಮೂರನೇ ಸಾಲಿನಲ್ಲಿ ಬೊಅಹೆನ್, ಹಿಂದೆ ಬಿಳಿಯ ಬಟ್ಟೆ ಹೆಗಲಿಗೆ ಹೊದ್ದು ಅತಾ. ಪೊಕುವಾ ಕೂಡ ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡು ಬಂದಿದ್ದಳು. ನಾನು ವೇದಿಕೆಯ ಪಕ್ಕ, ಪ್ರೊಜೆಕ್ಟರಿನ ಮೇಜಿನಲ್ಲಿ. ಅಲ್ಲಿಂದ ಉಪನ್ಯಾಸದ ಪೀಠದ ಹಿಂಬದಿ ಕಾಣುತ್ತದೆ, ಸಭಿಕರಿಗೆ ಕಾಣುವುದಿಲ್ಲ.

ಮೇಡಂ ಗಿಲ್‌ನ ಪಟ್ಟಿಯನ್ನೂ ಬುರುಡೆಯನ್ನೂ ಎತ್ತಿ ತೋರಿಸಿದರು. "ಇದನ್ನ ಬಾರಿಸಿ ತೋರಿಸೋ ಆಸೆ ಇತ್ತು. ಆದರೆ ನನಗೆ ಇಪ್ಪತ್ತೇಳು ವರ್ಷ ಜಾಗ ಕೊಟ್ಟ ನೆರೆಯವರ ಸಜ್ಜೆ ಮೊಳೀತಾ ಇದೆ. ಮುಂದಿನ ಗುರುವಾರ ಲ್ಯಾಬಿಗೆ ಬನ್ನಿ," ಎಂದರು. ಹಿಂದಿನಿಂದ ಅತಾ "ಹಾಂ!" ಎಂದು ತಲೆದೂಗಿದ. ಜನ ನಕ್ಕರು. ಅರ್ಧ ಗಂಟೆ ಗಿರಣಿ, ಸೇತುವೆ, ಕೊಳವೆಗಳ ಕತೆ ಸರಾಗವಾಗಿ ಹೋಯಿತು. ನನ್ನ ಬೆರಳು ಮಾತ್ರ ಗುಂಡಿಯ ಮೇಲಿಂದ ಏಳಲಿಲ್ಲ.

"ಓಕ್ಪೊಟಿ, ಮೊದಲನೇದು," ಎಂದರು.

ಎಂಬತ್ತೆಂಟು ಪರದೆಗೆ ಬಂತು. ಚಪ್ಪಾಳೆ ಶುರುವಾಯಿತು. ಡಾಕ್ಟರ್ ಕ್ಪೊದೊ ಫೈಲು ಹಿಡಿದು ಎದ್ದೇಬಿಟ್ಟರು. ಮೇಡಂ ಕೈ ಎತ್ತಿದರು.

"ಕೂತ್ಕೊಳ್ಳಿ ಡಾಕ್ಟರ್. ಈ ಗೆರೆಯನ್ನ ಇಳಿಸಿದ್ದು ನಾನಲ್ಲ. ಗಾ ಜನ. ನಾವು ಅಳತೆ ತೆಗೆದದ್ದು ಅವರ ಸದ್ದಿಲ್ಲದ ತಿಂಗಳಲ್ಲಿ. ಓಕ್ಪೊಟಿ, ಎರಡನೇದು."

ಮೂವತ್ತನಾಲ್ಕು ಬಂತು. "ಇದು ನನ್ನದು," ಎಂದರು. "ಥಿಯೇಟರ್ ಸೋಮವಾರ ತೆರೆಯೋ ಹಾಗಿಲ್ಲ. ನಾನು ಸಹಿ ಹಾಕಲ್ಲ." ಒರಳು ಒನಕೆಯ ವಿಷಯವನ್ನೂ ಬಿಡಿಸಿ ಹೇಳಿದರು. ಯಾರೂ ನಗಲಿಲ್ಲ, ಪೊಕುವಾಳನ್ನು ಬಿಟ್ಟು. ಡಾಕ್ಟರ್ ಕ್ಪೊದೊ ಮೆಲ್ಲನೆ ಕೂತು ಫೈಲು ಮುಚ್ಚಿದರು. ಉಪಕುಲಪತಿಗಳು ನೆಲ ನೋಡಿದರು.

ಬೊಅಹೆನ್ ಎದ್ದ. ಈಗ ತಲೆ ಪೂರ್ತಿ ಬೆಳ್ಳಗಾಗಿದೆ. "ಪ್ರೊಫೆಸರ್, ಒಂದು ಸಣ್ಣ ಪ್ರಶ್ನೆ. ಅಳತೆಯ ಹಾಳೇಲಿ ಸುತ್ತಲಿನ ಸ್ಥಿತಿ ಬರೀಬೇಕಲ್ವಾ? ಬರೆದವರು ಯಾರು?"

"ಆ ಹಾಳೆ ಓದಿ ಸಹಿ ಹಾಕಿದವಳು ನಾನು," ಎಂದರು ಮೇಡಂ. "ತಪ್ಪು ನಂದು."

ದನಿ ಒಂದಿಷ್ಟೂ ಅಲುಗಲಿಲ್ಲ. ನೆಟ್ಟಗೆ ನಿಂತಿದ್ದರು, ಕೆಂಪು ಗೌನಿನ ಒಂದು ನೆರಿಗೆಯೂ ಮಿಸುಕಲಿಲ್ಲ. ಆದರೆ ನಾನು ಕೂತಲ್ಲಿಗೆ ಪೀಠದ ಹಿಂಬದಿ ಕಾಣುತ್ತಿತ್ತು. ಅಲ್ಲಿ ಅವರ ಎಡಗೈ ಆ ಸೋರೆ ಬುರುಡೆಯನ್ನು ಹಿಡಿದಿತ್ತು. ಕೈ ಗಡಗಡ ನಡುಗುತ್ತಿತ್ತು. ಬುರುಡೆ ಹಲಗೆಗೆ ತಾಗಿ ಟಕಟಕ ಎನ್ನುತ್ತಿತ್ತು, ನನಗೊಬ್ಬನಿಗೇ ಕೇಳುವಷ್ಟು.

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಸಭೆಯೆಲ್ಲ ನನ್ನತ್ತ ತಿರುಗಿತು, ಅತಾ ಕೂಡ.

"ಎಂದಿನಂತೆ ಅಂತ ಬರೆದವನು ನಾನು, ಸ್ವಾಮಿ," ಎಂದೆ. "ಓಕ್ಪೊಟಿ. ಲ್ಯಾಬ್ ಟೆಕ್ನೀಷಿಯನ್."

ಆಮೇಲೆ ಮೇಡಂ ಅವರ ಕೈ ನಿಂತಿತೋ ಇಲ್ಲವೋ ನಾನು ನೋಡಲಿಲ್ಲ. ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಬೊಅಹೆನ್ ಕಡೆ ತಿರುಗಿ, ಮುಂದಿನ ಪ್ರಶ್ನೆಗೆ ಕಾದು ನಿಂತೆ.